ಅತ್ತೆಯ ಬಾವಿ ಕೈ

ಆಗ ನಮ್ಮ ಮನೆಗೆ ಎ.ಸಿ. ಬಂದಿರಲಿಲ್ಲ, ಕೂಲರ್ ಇತ್ತು. ದಿಲ್ಲಿಯಲ್ಲಿ ಒಂದು ಬೇಸಿಗೆಯನ್ನಾದರೂ ಕಳೆದವರಿಗೆ ಅದೇನೆಂದು ಹೇಳಬೇಕಾಗಿಲ್ಲ. ಕಳೆಯದವರಿಗೆ ಎಷ್ಟು ಹೇಳಿದರೂ ಅದರ ಸುಖ ತಿಳಿಯುವುದಿಲ್ಲ. ಕಿಟಕಿಯ ಹೊರಗೆ ಕೂರಿಸಿದ ದೊಡ್ಡ ತಗಡಿನ ಪೆಟ್ಟಿಗೆ, ತಳದಲ್ಲಿ ನೀರು, ಮೂರು ಕಡೆ ಒದ್ದೆ ಹುಲ್ಲಿನ ಪದರ, ನಡುವೆ ಗರಗರ ತಿರುಗುವ ಫ್ಯಾನು. ಮೇ ತಿಂಗಳಲ್ಲಿ ಹೊರಗೆ ಲೂ ಎಂಬ ಬಿಸಿಗಾಳಿ ಬೀಸುವಾಗ ನಾನೂ ನನ್ನ ತಮ್ಮ ವಿನುವೂ ಅದರ ಬಾಯಿಗೆ ಮುಖ ಕೊಟ್ಟು ‘ಆ...’ ಎಂದು ಕೂಗುತ್ತಿದ್ದೆವು, ನಮ್ಮ ಸ್ವರ ಚೂರುಚೂರಾಗಿ ನಮಗೇ ವಾಪಸ್ ಬರುತ್ತಿತ್ತು. ಒದ್ದೆ ಹುಲ್ಲಿನ ವಾಸನೆ, ಅಮ್ಮ ಹೆಚ್ಚಿಟ್ಟ ಖರ್ಬೂಜದ ವಾಸನೆ, ಅಪ್ಪನ ಅಂಗಿಗೆ ಅಂಟಿಕೊಂಡು ಬರುತ್ತಿದ್ದ ಸಾಂಬಾರಿನ ವಾಸನೆ, ಇವು ಮೂರೂ ಸೇರಿದರೆ ನನ್ನ ಪಾಲಿಗೆ ಬೇಸಿಗೆ ರಜೆ. ಆ ಕೂಲರಿನ ಎದುರು ಕೂತೇ ನಾನು ವಿಮಾನ ಯಾಕೆ ಹಾರುತ್ತದೆ, ಯಾಕೆ ಬೀಳುತ್ತದೆ ಎಂದು ಕಲಿತದ್ದು. ಕಲಿಸಿದವಳು ಸುಮತಿ ಅತ್ತೆ, ಅಪ್ಪನ ತಂಗಿ.

ನಾವು ಇದ್ದದ್ದು ಕಾಲ್ಕಾಜಿಯ ಒಂದು ಮಹಡಿ ಮನೆಯಲ್ಲಿ. ಅಪ್ಪ ಓಖ್ಲಾದಲ್ಲಿ ಹೋಟೆಲ್ ನಡೆಸುತ್ತಿದ್ದರು. ಬಟ್ಟೆ ಹೊಲಿಯುವ ಕಾರ್ಖಾನೆಯವರು, ಪ್ರೆಸ್ಸಿನವರು, ಆಫೀಸಿನವರು ಎಲ್ಲರೂ ಬಂದು ಇಡ್ಲಿ ವಡೆ ತಿಂದು ಹೋಗುವ ಜಾಗ. ಬ್ರಹ್ಮಾವರದ ಹತ್ತಿರದ ನಮ್ಮ ಊರಿನಿಂದ ಅಪ್ಪ ಹುಡುಗನಾಗಿದ್ದಾಗಲೇ ದಿಲ್ಲಿಗೆ ಬಂದವರು. ಅತ್ತೆ ಊರಲ್ಲೇ ಓದಿ, ಉಡುಪಿಯಲ್ಲಿ ಕಾಲೇಜು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತಿದ್ದಳು. ಒಂದು ದಿನ ಆ ಕೆಲಸ ಬಿಟ್ಟು, ಒಂದು ಟ್ರಂಕು ಹಿಡಿದುಕೊಂಡು, ಪೈಲಟ್ ಆಗುತ್ತೇನೆ ಎಂದು ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಅಪ್ಪ ಬೇಡ ಅನ್ನಲಿಲ್ಲ, ಸೈ ಅಂತಲೂ ಅನ್ನಲಿಲ್ಲ. ಊಟ ಆಯ್ತಾ ಎಂದು ಕೇಳಿದರು. ಕೆಳಗಿನ ಮನೆಯ ಪಂಜಾಬಿ ಆಂಟಿ, ಏರ್ ಹೋಸ್ಟೆಸ್ ಆಗುತ್ತಾಳಾ ಎಂದು ಅಮ್ಮನನ್ನು ವಿಚಾರಿಸಿದಾಗ ಅಮ್ಮ ತನ್ನ ಹರಕುಮುರುಕು ಹಿಂದಿಯಲ್ಲಿ, “ನಹೀ ಜೀ, ಚಲಾಯೇಗೀ” ಅಂದಿದ್ದಳು, ಇಲ್ಲ, ಇವಳೇ ವಿಮಾನ ಓಡಿಸುತ್ತಾಳೆ ಎಂದು. ಆ ದಿನದಿಂದ ಆಂಟಿ ಅತ್ತೆಯನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದರು.

ಪರೀಕ್ಷೆಗಳನ್ನೆಲ್ಲ ಅತ್ತೆ ಒಂದೇ ಏಟಿಗೆ ಪಾಸು ಮಾಡಿದಳು. ಹವಾಮಾನ, ದಾರಿ ಲೆಕ್ಕ, ವಿಮಾನದ ಕಾಯಿದೆ ಯಾವುದೂ ಅವಳಿಗೆ ಒಂದು ಲೆಕ್ಕವಲ್ಲ. ಓದುವಾಗ ಯಾರಿಗಾದರೂ ಪಾಠ ಹೇಳಿದರೇ ಅವಳಿಗೆ ತಲೆಗೆ ಹತ್ತುತ್ತಿದ್ದದ್ದು, ಟೀಚರಮ್ಮನ ಚಟ ನೋಡಿ. ಹಾಗಾಗಿ ನಾವಿಬ್ಬರು ಸಿಕ್ಕಿಬಿದ್ದೆವು. ಒಂದು ಮಧ್ಯಾಹ್ನ ಅಪ್ಪನ ಹೋಟೆಲಿನ ಹಳೇ ಮೆನು ಕಾರ್ಡು ತಂದು, ಪ್ಲಾಸ್ಟಿಕ್ ಹೊದಿಸಿದ ಆ ಕಾರ್ಡನ್ನು ಮೆಲ್ಲಗೆ ಬಗ್ಗಿಸಿ, ಮುಂದಿನ ಅಂಚಿಗೊಂದು ಪೆನ್ಸಿಲ್ ಅಂಟಿಸಿ ನನ್ನ ಕೈಗೆ ಕೊಟ್ಟು ಕೂಲರಿನ ಎದುರು ನಿಲ್ಲಿಸಿದಳು. ಗಾಳಿ ಬಡಿದದ್ದೇ ತಡ, ಕಾರ್ಡು ಮೇಲಕ್ಕೆ ಎದ್ದಿತು. ಸುಮ್ಮನೆ ಏಳಲಿಲ್ಲ, ನನ್ನ ಕೈಯನ್ನು ಎಳೆದುಕೊಂಡು ಎದ್ದಿತು. ನನಗೆ ಮೈ ಜುಮ್ಮೆಂದಿತು. ಇಡ್ಲಿ, ಉದ್ದಿನ ವಡೆ, ಮಸಾಲೆ ದೋಸೆ ಎಂದು ಬರೆದಿದ್ದ ಒಂದು ಹಾಳೆಗೆ ಇಷ್ಟು ಬಲ ಎಲ್ಲಿಂದ ಬಂತು?

ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ, ಅದೇ ಲಿಫ್ಟ್ ಎಂದಳು ಅತ್ತೆ. ಮುಂದೆ ಹೋಗಲು ಬಿಡದೆ ಹಿಂದಕ್ಕೆ ಜಗ್ಗುವುದು ಡ್ರ್ಯಾಗ್. ರೆಕ್ಕೆ ಎದುರಿನ ಗಾಳಿಗೆ ಎಷ್ಟು ಓರೆಯಾಗಿ ಮುಖ ಕೊಟ್ಟಿದೆಯೋ ಅದು ಆಂಗಲ್ ಆಫ್ ಅಟ್ಯಾಕ್. ಆಮೇಲೆ ಕಾರ್ಡಿನ ಮೂತಿಯನ್ನು ಇನ್ನೂ ಎತ್ತು ಅಂದಳು. ಎತ್ತಿದೆ, ಕಾರ್ಡು ಇನ್ನೂ ಜೋರಾಗಿ ಮೇಲೆದ್ದಿತು. ಇನ್ನೂ ಎತ್ತು ಅಂದಳು. ಎತ್ತುತ್ತ ಎತ್ತುತ್ತ ಒಂದು ಹಂತದಲ್ಲಿ ಕಾರ್ಡು ಫಡಫಡ ನಡುಗಿ, ಏಳುವುದನ್ನು ಬಿಟ್ಟು ನನ್ನ ಮೂಗಿನ ಮೇಲೇ ಬಂದು ಬಿತ್ತು. ಓರೆ ಮಿತಿ ಮೀರಿದರೆ ಗಾಳಿ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುವುದಿಲ್ಲ, ಕಿತ್ತುಕೊಂಡು ಚೆದುರಿಹೋಗುತ್ತದೆ, ಲಿಫ್ಟ್ ಕುಸಿಯುತ್ತದೆ, ಅದಕ್ಕೇ ಸ್ಟಾಲ್ ಅನ್ನುವುದು. ಇಂಜಿನ್ ಗಟ್ಟಿಮುಟ್ಟಾಗಿಯೇ ಓಡುತ್ತಿರುತ್ತದೆ, ರೆಕ್ಕೆ ಮಾತ್ರ ಕೆಲಸ ಬಿಟ್ಟಿರುತ್ತದೆ. ಆಗ ಏನು ಮಾಡಬೇಕು ಹೇಳಿ ಎಂದು ಕೇಳಿದಳು. ಬೀಳುತ್ತಿದ್ದರೆ ಮೂತಿ ಇನ್ನೂ ಮೇಲೆತ್ತಬೇಕು ಎಂದು ವಿನು ಧೈರ್ಯವಾಗಿ ಹೇಳಿದ.

“ಎಲ್ಲರೂ ಹಾಗೇ ಅಂದುಕೊಳ್ಳೋದು ಮಾರಾಯ. ಮೂತಿ ಕೆಳಗೆ ಮಾಡಬೇಕು. ಬೀಳ್ತಾ ಇರುವಾಗ ಕೆಳಗೆ ತಳ್ಳಬೇಕು.”

ಎಂಟು ವರ್ಷದ ವಿನು ಇದನ್ನು ನಂಬಲೇ ಇಲ್ಲ. ಮತ್ತೆ ಮತ್ತೆ ಕಾರ್ಡು ಹಿಡಿದು ನೋಡಿದ. ನಡುಗುವ ಕಾರ್ಡಿನ ಮೂತಿಯನ್ನು ಚೂರು ತಗ್ಗಿಸಿದರೆ ಸಾಕು, ಅದು ಸಮಾಧಾನಕ್ಕೆ ಬಂದು ಮತ್ತೆ ಮೇಲೇಳುತ್ತಿತ್ತು. ಆ ವಾರವಿಡೀ ನಮ್ಮ ಮನೆಯಲ್ಲಿ ಇದೇ ಭಾಷೆ. ಅಮ್ಮನ ಸೆರಗು ಫ್ಯಾನಿಗೆ ಹಾರಿದರೆ ಲಿಫ್ಟ್, ಬೆಳಿಗ್ಗೆ ನಮ್ಮನ್ನು ಹಾಸಿಗೆಯಿಂದ ಎಬ್ಬಿಸಲಾಗದಿದ್ದರೆ ಡ್ರ್ಯಾಗ್, ಅಪ್ಪನ ಹೊಟ್ಟೆಗೆ ವಿನು ಇಟ್ಟ ಹೆಸರು ವೇಟ್. ಕನ್ನಡ ಸರಿಯಾಗಿ ಬಾರದ ನಾವು ಅತ್ತೆಯ ಜೊತೆ ಮಾತಾಡುವ ಆಸೆಗೆ ಅರ್ಧ ಹಿಂದಿ, ಅರ್ಧ ವಿಮಾನದ ಮಾತು ಸೇರಿಸಿ ಏನೇನೋ ಒದರುತ್ತಿದ್ದೆವು. ಅವಳು ಎಲ್ಲಕ್ಕೂ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು.

ಪುಸ್ತಕದ ಪಾಠ ಮುಗಿದ ಮೇಲೆ ಹಾರುವ ಪಾಠ. ಹರಿಯಾಣದ ಒಂದು ಊರಿನ ಫ್ಲೈಯಿಂಗ್ ಕ್ಲಬ್ಬಿಗೆ ಅತ್ತೆ ಸೇರಿದ್ದಳು. ಅಲ್ಲೇ ಹಾಸ್ಟೆಲಿನ ಕೋಣೆ, ವಾರದ ಕೊನೆಗೆ ಬಸ್ಸು ಹಿಡಿದು ನಮ್ಮ ಮನೆಗೆ. ಮೊದಮೊದಲು ಬಂದಾಗ ಮುಖ ಕಳೆಕಳೆಯಾಗಿರುತ್ತಿತ್ತು. ಆಕಾಶದಿಂದ ಗೋಧಿ ಹೊಲ ಹೇಗೆ ಕಾಣುತ್ತದೆ, ರೇಡಿಯೋದಲ್ಲಿ ಹೇಗೆ ಮಾತಾಡಬೇಕು, ಬಾಲದ ರಡ್ಡರನ್ನು ಕಾಲಲ್ಲಿ ಹೇಗೆ ಒತ್ತಬೇಕು ಎಂದು ಅಡುಗೆಮನೆ ಕಟ್ಟೆ ಹತ್ತಿ ಕೂತು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು. ಬರಬರುತ್ತ ಆ ಮಾತು ಕಮ್ಮಿಯಾಯಿತು. ಜೂನ್ ಶುರುವಿನಲ್ಲಿ ಒಂದು ಸಂಜೆ ಬಂದವಳು ಕೈಕಾಲು ತೊಳೆದು, ಮೊಸರನ್ನ ಕಲಸಿಕೊಂಡು, ಒಂದು ತುತ್ತು ಬಾಯಿಗಿಟ್ಟು, ನಮ್ಮೆಲ್ಲರ ಎದುರು ಹೇಳಿದಳು.

“ನನಗೆ ಬರ್ತಾ ಇಲ್ಲ ಅತ್ತಿಗೆ. ಕೈಗೆ ಬರ್ತಾ ಇಲ್ಲ.”

ವಿಷಯ ಇಷ್ಟು. ಒಂಟಿಯಾಗಿ ಹಾರಲು ಬಿಡುವ ಮೊದಲು ಸ್ಟಾಲ್ ಅಭ್ಯಾಸ ಮಾಡಿಸುತ್ತಾರೆ. ಎತ್ತರಕ್ಕೆ ಹೋಗಿ, ಬೇಕೆಂದೇ ವೇಗ ತಗ್ಗಿಸಿ, ಮೂತಿ ಎತ್ತಿ, ವಿಮಾನ ಕುಸಿಯುವ ಹಾಗೆ ಮಾಡಿ, ಆಮೇಲೆ ಕೈಯಲ್ಲಿರುವ ಕಂಟ್ರೋಲನ್ನು ಮುಂದಕ್ಕೆ ತಳ್ಳಿ, ಮೂತಿ ತಗ್ಗಿಸಿ ಬಿಡಿಸಿಕೊಳ್ಳಬೇಕು. ನಮಗೆ ಪಾಠ ಹೇಳಿದ ಅದೇ ಅತ್ತೆ, ಆ ಗಳಿಗೆ ಬಂದಾಗ ಕಂಟ್ರೋಲನ್ನು ಎದೆಗೆ ಎಳೆದುಕೊಳ್ಳುತ್ತಿದ್ದಳು. ತಲೆಗೆ ಗೊತ್ತು, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದಾಳೆ, ಆದರೂ ಕೈ ಮುಂಚೆ ಓಡಿಬಿಡುತ್ತಿತ್ತು. ವಿಮಾನ ಒಂದು ಪಕ್ಕಕ್ಕೆ ವಾಲಿ ಬೀಳತೊಡಗಿದರೆ, ಪಕ್ಕದಲ್ಲಿ ಕೂತ ಸರ್ ಕಸಿದುಕೊಂಡು ಸರಿ ಮಾಡಬೇಕಾಗುತ್ತಿತ್ತು. ಸರ್ ಎಂದರೆ ಅವಳ ಇನ್‌ಸ್ಟ್ರಕ್ಟರ್, ವಾಯುಪಡೆಯಿಂದ ನಿವೃತ್ತರಾಗಿ ಬಂದವರು, ಮಾತು ಬಲು ಕಮ್ಮಿ. ಅವಳ ನಂತರ ಸೇರಿದ ಹುಡುಗರೆಲ್ಲ ಒಂಟಿಯಾಗಿ ಹಾರಿ ಮಿಠಾಯಿ ಹಂಚಿಯಾಗಿತ್ತು. ಕ್ಲಬ್ಬಿನ ವಿಮಾನ ತಪಾಸಣೆಗೆ ನಿಂತಿತ್ತು, ಅದು ಮತ್ತೆ ಹೊರಗೆ ಬಂದ ದಿನ ಕೊನೆಯ ಸಲ ನೋಡುತ್ತೇನೆ ಎಂದಿದ್ದರು ಸರ್. ಅವತ್ತೂ ಕೈ ಎಳೆದರೆ ಇಲ್ಲಿಗೆ ಬಿಟ್ಟುಬಿಡು, ಇದು ಎಲ್ಲರಿಗೂ ಆಗುವ ಕೆಲಸವಲ್ಲ ಎಂದು ಸಿಟ್ಟಿಲ್ಲದೆ ಹೇಳಿದ್ದರಂತೆ. ಸಿಟ್ಟಿಲ್ಲದೆ ಹೇಳಿದ್ದೇ ಅವಳನ್ನು ಹೆದರಿಸಿತ್ತು.

ಅಪ್ಪ ಊಟ ಮುಗಿಸಿ ಕೈ ತೊಳೆದು ಬಂದು, ಆಗದಿದ್ದರೆ ಬೇಸರ ಮಾಡಿಕೊಳ್ಳಬೇಡ, ಊರಿನ ಕಾಲೇಜಿನವರು ಇನ್ನೂ ನಿನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲವಂತೆ ಎಂದರು. ಸಮಾಧಾನಕ್ಕೇ ಹೇಳಿದ್ದು. ಅತ್ತೆ ಉಳಿದ ಮೊಸರನ್ನವನ್ನು ಪಕ್ಕಕ್ಕೆ ಸರಿಸಿ ಎದ್ದಳು.

ವಿಮಾನ ಹೊರಗೆ ಬರುವವರೆಗೆ ಅತ್ತೆ ನಮ್ಮ ಮನೆಯಲ್ಲೇ ಉಳಿದಳು. ಮಾರನೆಯ ದಿನದಿಂದ ಅವಳು ನಮ್ಮನ್ನು ಕೆಲಸಕ್ಕೆ ಹಚ್ಚಿದಳು. ವಿಮಾನ ಸ್ಟಾಲ್ ಆಗುವ ಮೊದಲು ಒಂದು ಹಾರ್ನ್ ಕುಯ್ಯೋ ಎನ್ನುತ್ತದಂತೆ. ವಿನುವಿನ ಬಳಿ ದಸರಾ ಮೇಳದಲ್ಲಿ ಕೊಂಡ ಪೀಪಿ ಇತ್ತು. ದಿನದ ಯಾವ ಹೊತ್ತಿಗೇ ಆಗಲಿ, ಅವನು ಪೀಪಿ ಊದಿದರೆ ಅತ್ತೆ ಕೈಯಲ್ಲಿ ಏನಿದ್ದರೂ ಮುಂದಕ್ಕೆ ತಳ್ಳಬೇಕು. ಅಬ್ಬಬ್ಬಾ, ಆ ದಿನಗಳು! ದೋಸೆ ಹುಯ್ಯುವಾಗ ಊದಿದ, ಸೌಟು ಮುಂದಕ್ಕೆ ಹೋಗಿ ಹಿಟ್ಟೆಲ್ಲ ಗೋಡೆಗೆ. ತಲೆ ಬಾಚುವಾಗ ಊದಿದ, ಬಾಚಣಿಗೆ ಹಾರಿ ಬಾಲ್ಕನಿಯಿಂದ ಕೆಳಗೆ. ಮಂಗಳಾರತಿ ತಟ್ಟೆ ಹಿಡಿದಿದ್ದಾಗ ಊದಲು ಹೊರಟವನ ಕಿವಿಯನ್ನು ಅಮ್ಮ ಹಿಂಡಿದಳು. ಅತ್ತೆ ಒಂದು ಸಲವೂ ತಪ್ಪಲಿಲ್ಲ, ಪೀಪಿಗೆ ಕೈ ಸರಿಯಾಗಿ ಮುಂದಕ್ಕೇ ಹೋಗುತ್ತಿತ್ತು. ಆದರೂ ಅವಳ ಮುಖದಲ್ಲಿ ಗೆಲುವಿಲ್ಲ. ಮೇಲೆ ಹಾರ್ನ್ ಕೇಳಿದಾಗಲೂ ನಾನು ಸರಿಯಾಗೇ ಇರುತ್ತೇನೆ, ಅದಾದ ಮೇಲೆ ಒಂದು ಚಣ ಏನೋ ಆಗುತ್ತದೆ, ಅಲ್ಲೇ ಕೈ ಕೆಡುತ್ತದೆ, ಅದೇನೆಂದು ನನಗೇ ತಿಳಿಯುತ್ತಿಲ್ಲ ಎನ್ನುತ್ತಿದ್ದಳು.

ತಿಳಿದದ್ದು ತಾರಸಿಯ ಮೇಲೆ. ಒಂದು ಸಂಜೆ ಅಮ್ಮ ಒಣಗಿದ ಸಂಡಿಗೆ ಆಯ್ದುಕೊಳ್ಳುತ್ತಿದ್ದಳು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ನಾವು ಹಗ್ಗಜಗ್ಗಾಟ ಶುರು ಮಾಡಿದ್ದೆವು, ಆ ಕಡೆ ಅತ್ತೆ ಒಬ್ಬಳೇ, ಈ ಕಡೆ ನಾವಿಬ್ಬರು. ಎಷ್ಟು ಎಳೆದರೂ ಅವಳು ಅಲ್ಲಾಡುತ್ತಿರಲಿಲ್ಲ. ವಿನು ನನ್ನ ಕಿವಿಯಲ್ಲಿ, “ದೀದಿ, ಏಕದಮ್ ಛೋಡ್ ದೇತೇ ಹೈ” ಎಂದ. ಒಟ್ಟಿಗೆ ಹಗ್ಗ ಬಿಟ್ಟೆವು. ಬೇರೆ ಯಾರೇ ಆಗಿದ್ದರೂ ಅಂಗಾತ ಬೀಳುತ್ತಿದ್ದರು. ಅತ್ತೆ ಬೀಳಲಿಲ್ಲ. ಹಗ್ಗ ಸಡಿಲಾದ ಚಣವೇ ಅವಳ ಎರಡೂ ಕೈ ಒಂದರ ಹಿಂದೊಂದು ಸರಸರ ಓಡಿ, ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಹಗ್ಗವನ್ನು ತನ್ನ ಕಾಲ ಬುಡಕ್ಕೆ ಸುರುಳಿ ಸುರುಳಿಯಾಗಿ ಎಳೆದುಕೊಂಡಿದ್ದವು. ಅಮ್ಮ ಸಂಡಿಗೆ ಬಿಟ್ಟು ನಗಲು ಶುರು ಮಾಡಿದಳು.

“ನೋಡು ಇವಳನ್ನ. ದಿಲ್ಲಿಗೆ ಬಂದರೂ ಬಾವಿ ಕೈ ಹೋಗಿಲ್ಲ.”

ಅತ್ತೆ ಮಾತ್ರ ನಗಲಿಲ್ಲ. ತನ್ನ ಎರಡೂ ಕೈ ನೋಡಿಕೊಳ್ಳುತ್ತ ಹಾಗೇ ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಕೂತುಬಿಟ್ಟಳು. ಇನ್ನೊಂದು ಸಲ ಹೇಳಿ ಅತ್ತಿಗೆ ಎಂದಳು.

ನಮ್ಮ ಊರ ಮನೆಯದು ಕೆಂಪು ಮುರಕಲ್ಲಿನ ಆಳದ ಬಾವಿ. ಮನೆಯ ಜನಕ್ಕೆ, ದನಕ್ಕೆ, ಗಿಡಕ್ಕೆ ಎಲ್ಲಕ್ಕೂ ಅಲ್ಲಿಂದಲೇ ನೀರು. ಅತ್ತೆ ಚಿಕ್ಕಂದಿನಿಂದ ಆ ನೀರು ಸೇದಿದವಳು. ಸೇದುವಾಗ ಹಗ್ಗ ಬಿಗಿಯಾಗಿರುವವರೆಗೆ ಕೊಡಪಾನ ನೆಟ್ಟಗೆ ಬರುತ್ತಿದೆ ಎಂದು ಅರ್ಥ. ಹಗ್ಗ ಸಡಿಲಾಯಿತೋ, ಕೊಡಪಾನ ಕಲ್ಲಿಗೆ ತಗುಲಿದೆ, ಇನ್ನೊಂದು ಗಳಿಗೆಯಲ್ಲಿ ಜಾರುತ್ತದೆ, ಹಗ್ಗ ರಾಟೆಯಿಂದ ತಪ್ಪುತ್ತದೆ. ಆಗ ಯೋಚನೆ ಮಾಡುತ್ತ ನಿಂತರೆ ಆಗುವುದಿಲ್ಲ, ತಕ್ಷಣ ಎಳೆದು ಬಿಗಿ ಮಾಡಿಕೊಳ್ಳಬೇಕು. ಹಾಗೆ ಮಾಡದೆ ತಾಮ್ರದ ಕೊಡಪಾನ ಜಜ್ಜಿಸಿಕೊಂಡ ಹುಡುಗಿಗೆ ನಮ್ಮ ಅಜ್ಜಿಯ ಬಾಯಲ್ಲಿ ಏನೇನು ಕೇಳಬೇಕಾಗುತ್ತಿತ್ತೆಂದು ಅಮ್ಮನಿಗೂ ಗೊತ್ತಿತ್ತು. ಇನ್ನು ವಿಮಾನದಲ್ಲಿ ಏನಾಗುತ್ತದೆ? ವೇಗ ಇಳಿದಾಗ ಬಾಲದ ಮೇಲೆ ಹರಿಯುವ ಗಾಳಿ ದುರ್ಬಲವಾಗುತ್ತದೆ. ಅಲ್ಲಿಯವರೆಗೆ ಕೈಗೆ ಬಿಗಿಯಾಗಿ ಸಿಗುತ್ತಿದ್ದ ಕಂಟ್ರೋಲು ಒಮ್ಮೆಗೇ ಸಡಿಲಾಗುತ್ತದೆ. ಅತ್ತೆಯ ತಲೆ ಅದನ್ನು ಸ್ಟಾಲ್ ಎಂದು ಗುರುತಿಸುವ ಮೊದಲೇ ಅವಳ ಕೈ ಅದನ್ನು ಬಾವಿ ಹಗ್ಗ ಎಂದು ಗುರುತಿಸಿ ಎಳೆದಾಗಿರುತ್ತಿತ್ತು.

ಅವಳು ಅಳುತ್ತಾಳೆ ಅಂದುಕೊಂಡೆ. ನಗತೊಡಗಿದಳು. ಅಷ್ಟು ವಾರಗಳಿಂದ ತಾನು ಹೇಡಿ, ತನಗೆ ಒಳಗೊಳಗೇ ಹೆದರಿಕೆ ಎಂದು ಕೊರಗಿದವಳಿಗೆ, ಹೆದರಿಕೆಯೂ ಅಲ್ಲ ಮಣ್ಣೂ ಅಲ್ಲ, ನೀರು ಸೇದಿದ ಅಭ್ಯಾಸ ಎಂದು ತಿಳಿದರೆ ನಗು ಬಾರದೆ ಇದ್ದೀತೇ? ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಾವಿಯನ್ನೇ ಸರಿಯಾಗಿ ಕಂಡಿರದ ವಿನುವೂ ನಕ್ಕ.

ಮರುದಿನವೇ ಹೊಸ ವ್ಯವಸ್ಥೆ. ನಡುಮನೆಯಲ್ಲಿ ಕುರ್ಚಿ, ಕುರ್ಚಿಯಲ್ಲಿ ಅತ್ತೆ. ಎಡಗೈಯಲ್ಲಿ ಲಟ್ಟಣಿಗೆ, ಅದು ಕಂಟ್ರೋಲು. ಬಲಗಡೆ ಸ್ಟೂಲಿನ ಮೇಲೊಂದು ಸ್ಟೀಲ್ ಲೋಟ, ಅದು ಇಂಜಿನ್ನಿನ ಬಲ ಏರಿಸುವ ಥ್ರಾಟಲ್. ಲಟ್ಟಣಿಗೆಗೆ ಕಟ್ಟಿದ ಹಗ್ಗ ಎದುರಿನ ಕಿಟಕಿಯ ಸರಳಿನ ನಡುವಿಂದ ಬಾಲ್ಕನಿಗೆ ಹೋಗುತ್ತಿತ್ತು. ಬಾಲ್ಕನಿಯಲ್ಲಿ, ಗೋಡೆಯ ಮರೆಗೆ, ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ನಾವಿಬ್ಬರು ಹಗ್ಗವನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದೆವು. ಅತ್ತೆ ನಮ್ಮ ವಿರುದ್ಧ ಮೆಲ್ಲಗೆ ಲಟ್ಟಣಿಗೆ ಎಳೆಯುತ್ತ ಬರುವಳು, ನಮಗೆ ಮನಸ್ಸು ಬಂದಾಗ ನಾವು ಹಗ್ಗ ಸಡಿಲ ಬಿಡುವುದು. ಆಗ ಅವಳು ಎಳೆಯಬಾರದು, ಲಟ್ಟಣಿಗೆಯನ್ನು ಮುಂದಕ್ಕೆ ಕೊಡಬೇಕು, ಆಮೇಲೆ ಲೋಟವನ್ನು ಮುಂದೆ ಸರಿಸಬೇಕು, ಆಮೇಲೆ ರೆಕ್ಕೆ ಸಮ ಮಾಡಬೇಕು. ಮೊದಲ ದಿನ ಬಿಟ್ಟ ಪ್ರತಿ ಸಲವೂ ಲಟ್ಟಣಿಗೆ ಧಡ್ ಎಂದು ಅವಳ ಎದೆಗೇ ಬಡಿಯಿತು. ಒಂದು ಸಲ ಗಲ್ಲಕ್ಕೆ ಬಡಿದು ನಾಲಿಗೆ ಕಚ್ಚಿಕೊಂಡಳು. ನಾನು ಓಡಿ ಒಳಗೆ ಬಂದರೆ, ಬಾಯಿ ಒರೆಸಿಕೊಂಡು, ಹೋಗು, ಹಗ್ಗ ಹಿಡಿ ಎಂದು ಕೈ ಮಾಡಿದಳು.

ನನಗೆ ಈಗಲೂ ಆಶ್ಚರ್ಯವಾಗುವುದು ಇದಕ್ಕೆ. ಅವಳು ಪಾಠ ಹೇಳಿದ ಟೀಚರು, ನಾವು ಮೂಗು ಒರೆಸಿಕೊಳ್ಳಲೂ ಬಾರದ ಮಕ್ಕಳು. ಆದರೂ ಪ್ರತಿ ಸಲ ತಪ್ಪಿದಾಗಲೂ, ಎಷ್ಟು ಎಳೆದೆ, ಮೊದಲು ಎಳೆದು ಆಮೇಲೆ ತಳ್ಳಿದೆನಾ, ನಿಮ್ಮ ಹಗ್ಗಕ್ಕೆ ಏನು ಗೊತ್ತಾಯಿತು ಎಂದು ನಮ್ಮನ್ನು ಕೇಳುತ್ತಿದ್ದಳು. ನಾವು ಹೇಳಿದ್ದನ್ನು ಕೇಳಿಕೊಂಡು ತಲೆ ಆಡಿಸುತ್ತಿದ್ದಳು. ವಿನು ಒಂದು ದಿನ, ಅತ್ತೆ ನೀನು ಇವತ್ತು ನಿನ್ನೆಗಿಂತ ಖರಾಬ್ ಮಾಡಿದೆ ಎಂದು ಮುಖದ ಮೇಲೆ ಹೇಳಿದ. ಹೌದು ಮಾರಾಯ, ಇವತ್ತು ಮನಸ್ಸೆಲ್ಲೋ ಇತ್ತು ಎಂದು ಒಪ್ಪಿಕೊಂಡಳು. ಅಪ್ಪ ಒಂದು ಮಧ್ಯಾಹ್ನ ಹೋಟೆಲಿನಿಂದ ಮಲಗಲು ಬಂದವರು, ಲಟ್ಟಣಿಗೆ ಹಿಡಿದು ಕೂತ ತಂಗಿಯನ್ನೂ ಬಾಲ್ಕನಿಯಲ್ಲಿ ಬೇಯುತ್ತಿದ್ದ ನಮ್ಮನ್ನೂ ನೋಡಿ, ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದರು. ಇದನ್ನು ಊರಿಗೆ ಫೋನ್ ಮಾಡಿದಾಗ ಹೇಳಬೇಡ ಎಂದು ಅಮ್ಮನಿಗೆ ಹೇಳಿ ಮಲಗಲು ಹೋದರು.

ಎದೆಯ ಮೇಲಿನ ನೀಲಿ ಕಲೆ ಹಳದಿಗೆ ತಿರುಗುವ ಹೊತ್ತಿಗೆ ಕೈ ತಡೆದು ತಡೆದು ಮುಂದಕ್ಕೆ ಹೋಗತೊಡಗಿತು. ಆಮೇಲೆ ತಡೆಯದೆ. ಕೊನೆಗೆ ವಿನು ಮಾವಿನಹಣ್ಣಿನ ಮಾತೆತ್ತಿ, ಅತ್ತೆ ಉತ್ತರ ಕೊಡುತ್ತಿರುವಾಗಲೇ ಮಾತಿನ ನಡುವೆ ಹಗ್ಗ ಬಿಟ್ಟರೂ, ಲಟ್ಟಣಿಗೆ ಮೆತ್ತಗೆ ಕಿಟಕಿಯ ಕಡೆಗೆ ಸಾಗಿ, ಹಿಂದೆಯೇ ಲೋಟ ಟಣ್ ಎನ್ನುತ್ತಿತ್ತು. ಅವಳ ಮಾತು ತುಂಡಾಗುತ್ತಿರಲಿಲ್ಲ. ಆದರೆ ಕುರ್ಚಿಯ ಮೇಲೆ ಆದದ್ದು ಆಕಾಶದಲ್ಲಿ ಆಗುತ್ತದೆಯೇ? ಅದು ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

ವಿಮಾನ ಸಿದ್ಧವಾಗಿದೆ ಎಂದು ಕ್ಲಬ್ಬಿನಿಂದ ಫೋನ್ ಬಂದಾಗ, ಯಾವತ್ತೂ ಬಸ್ಸಿಗೆ ಕಳಿಸುತ್ತಿದ್ದ ಅಪ್ಪ, ಹೋಟೆಲಿನ ವ್ಯಾನಿನಲ್ಲಿ ತಾನೇ ಬಿಡುತ್ತೇನೆ ಎಂದರು. ಯಾಕೆಂದು ಯಾರೂ ಕೇಳಲಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಅತ್ತೆಯ ಟ್ರಂಕು ಇತ್ತು. ವಾಪಸ್ ತರಬೇಕಾಗಿ ಬಂದರೆ ಬಸ್ಸಿನಲ್ಲಿ ತರಲಾಗುವುದಿಲ್ಲ. ಅದು ಅತ್ತೆಗೂ ಗೊತ್ತಾಗಿತ್ತು, ಅವಳು ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ನಾವಿಬ್ಬರೂ ಹಟ ಮಾಡಿ ಹಿಂದಿನ ಸೀಟು ಹತ್ತಿದ್ದೆವು.

ಕ್ಲಬ್ಬಿನ ಬೇಲಿಯ ಪಕ್ಕ ಒಂದು ಬೇವಿನ ಮರ. ಅದರ ಕೆಳಗೆ ನಾವು ನಿಂತೆವು. ಎರಡೇ ಸೀಟಿನ ಪುಟ್ಟ ಬಿಳಿ ವಿಮಾನ ಅತ್ತೆಯನ್ನೂ ಸರ್‌ ಅವರನ್ನೂ ಕೂರಿಸಿಕೊಂಡು ಏರಿ, ಭತ್ತದ ನಾಟಿಗೆ ನೀರು ಕಟ್ಟಿದ್ದ ಹೊಲಗಳ ಮೇಲೆ ಸುತ್ತು ಹಾಕುತ್ತ ಚಿಕ್ಕದಾಯಿತು. ಸ್ವಲ್ಪ ಹೊತ್ತಿಗೆ ಇಂಜಿನ್ನಿನ ಸದ್ದು ಇಳಿಯಿತು. ಮೂತಿ ಮೇಲೆದ್ದಿತು, ಇನ್ನೂ ಎದ್ದಿತು. ವಿಮಾನ ಮುಂದೆ ಹೋಗುವುದನ್ನೇ ಮರೆತ ಹಾಗೆ ಅಲ್ಲೇ ತೂಗಿತು. ನಾನು ನನಗೇ ಗೊತ್ತಿಲ್ಲದೆ ಎರಡೂ ಕೈ ಮುಂದಕ್ಕೆ ಚಾಚಿದ್ದೆ. ಆಗ ಮೂತಿ ಕೆಳಗೆ ಬಿತ್ತು. ಅಪ್ಪನ ಕೈ ನನ್ನ ಭುಜವನ್ನು ಹಿಂಡಿತು. “ಬಿದ್ದಳು, ಬಿದ್ದಳು” ಎನ್ನುತ್ತಿದ್ದರು.

“ಇಲ್ಲ ಅಪ್ಪ. ಅವಳೇ ಇಳಿಸಿದ್ದು.”

ಅಷ್ಟರಲ್ಲಿ ಇಂಜಿನ್ನಿನ ಸದ್ದು ಮತ್ತೆ ಏರಿತು, ವಿಮಾನ ಒಂದು ಚೂರೂ ವಾಲದೆ ಸಮಕ್ಕೆ ಬಂದು ಮೇಲೇರತೊಡಗಿತು. ವಿನು ಕುಣಿಯಲು ಶುರು ಮಾಡಿದ. ಸರ್ ಅಷ್ಟಕ್ಕೆ ಬಿಡಲಿಲ್ಲ, ಮತ್ತೆ ಮತ್ತೆ ಮಾಡಿಸಿದರು. ಪ್ರತಿ ಸಲವೂ ಅಪ್ಪ ಕಣ್ಣು ಮುಚ್ಚಿಕೊಂಡರು, ಪ್ರತಿ ಸಲವೂ ಮೂತಿ ಸರಿಯಾಗಿಯೇ ತಗ್ಗಿತು.

ಕೆಳಗಿಳಿದ ವಿಮಾನ ರನ್‌ವೇಯ ಅಂಚಿಗೆ ಬಂದು ನಿಂತಿತು. ಮೂತಿಯ ಫ್ಯಾನು ತಿರುಗುತ್ತಲೇ ಇತ್ತು. ಸರ್ ಬಾಗಿಲು ತೆಗೆದು ಇಳಿದು, ಬಾಗಿಲು ಹಾಕಿ, ಹೆಡ್‌ಫೋನು ಕೈಯಲ್ಲಿ ಹಿಡಿದು ನಮ್ಮ ಕಡೆಗೇ ನಡೆದು ಬಂದರು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಅವರು ಬೇಸತ್ತು ಇಳಿದು ಬಂದರು ಎಂದೇ ಅಪ್ಪ ತಿಳಿದದ್ದು. ಮುಗೀತು, ನಾನು ಹೋಗಿ ಟ್ರಂಕು ತರುತ್ತೇನೆ, ಅವಳ ಎದುರು ನೀವು ಯಾರೂ ಏನೂ ಕೇಳಬಾರದು ಎಂದು ನಮಗೆ ಹೇಳಿ, ಹಾಸ್ಟೆಲಿನ ಕಡೆಗೆ ಹೊರಟೇಬಿಟ್ಟರು. ಅವರು ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಇಂಜಿನ್ ಗುಡುಗಿತು. ಬಿಳಿ ವಿಮಾನ ತಿರುಗಿ ರನ್‌ವೇಯ ಕಡೆಗೆ ಹೋಗುತ್ತಿತ್ತು. ಅಪ್ಪ ಅದನ್ನು ನೋಡಿದರು, ಪಕ್ಕಕ್ಕೆ ಬಂದು ನಿಂತಿದ್ದ ಸರ್‌ ಅವರನ್ನು ನೋಡಿದರು, ಮತ್ತೆ ವಿಮಾನವನ್ನು ನೋಡಿದರು.

“ಕೌನ್ ಚಲಾ ರಹಾ ಹೈ ಉಸೇ?” ಯಾರು ಓಡಿಸುತ್ತಿದ್ದಾರೆ ಅದನ್ನು ಎಂದು ಕೇಳಿದರು.

“ಆಪ್ ಕೀ ಬೆಹೆನ್” ಎಂದರು ಸರ್. ನಿಮ್ಮ ತಂಗಿ.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಗತ್ತಾಗಿ ಕೂರುವ ನಮ್ಮ ಅಪ್ಪ, ಬೇವಿನ ಮರದ ಕೆಳಗಿನ ಧೂಳಿನಲ್ಲಿ ಹಾಗೇ ಕುಸಿದು ಕೂತರು. ವಿಮಾನ ನೆಲ ಬಿಟ್ಟಿತು, ಒಂದು ಸುತ್ತು ಹಾಕಿತು. ಅದು ತಿರುಗಿದ ಕಡೆಗೆಲ್ಲ ಅಪ್ಪನ ತಲೆ ತಿರುಗಿತು. ಇಳಿಯುವಾಗ ಒಂದು ಸಲ ಪುಟಿದು ಆಮೇಲೆ ನೆಲ ಕಚ್ಚಿಕೊಂಡು ಓಡಿತು. ನಾನು ಅತ್ತೆ, ಅತ್ತೆ ಎಂದು ಕಿರುಚಿದ್ದು ಇಡೀ ಕ್ಲಬ್ಬಿಗೆ ಕೇಳಿಸಿತಂತೆ. ಮೊದಲ ಸಲ ಒಂಟಿಯಾಗಿ ಹಾರಿ ಬಂದವರ ತಲೆಗೆ ನೀರು ಸುರಿಯುವುದು ಅಲ್ಲಿಯ ಪದ್ಧತಿ. ಹುಡುಗರು ಬಕೆಟ್ ಬಕೆಟ್ ನೀರು ಸುರಿದರು. ತೊಪ್ಪನೆ ತೊಯ್ದ ಅತ್ತೆ, ಜಡೆಯಿಂದ ನೀರು ಸುರಿಸಿಕೊಂಡೇ ಬಂದು ಅಪ್ಪನ ಎದುರು ನಿಂತಳು.

“ಅಣ್ಣ, ಸರ್ ಇಳಿದ ಮೇಲೆ ಅದೆಷ್ಟು ಹಗುರ ಆಯ್ತು ಗೊತ್ತಾ? ಬಿಟ್ಟ ಕೂಡಲೇ ಏರಿತು.”

ಅಪ್ಪ ಕಿಸೆಯಿಂದ ಕರವಸ್ತ್ರ ತೆಗೆದು, ತಂಗಿಯ ಮುಖ ಒರೆಸುವ ಬದಲು ತನ್ನ ಮುಖ ಒರೆಸಿಕೊಂಡರು. ಟ್ರಂಕು ಹಾಸ್ಟೆಲಿನಲ್ಲೇ ಉಳಿಯಿತು. ನಾವು ಮೂವರು ಖಾಲಿ ವ್ಯಾನಿನಲ್ಲಿ ವಾಪಸ್ ಬಂದೆವು, ದಾರಿಯಲ್ಲಿ ಅಪ್ಪ ನಮಗೆ ಕೇಳಿದ್ದೆಲ್ಲ ಕೊಡಿಸಿದರು.

ಅತ್ತೆ ಈಗ ದೊಡ್ಡ ವಿಮಾನಗಳ ಕ್ಯಾಪ್ಟನ್. 'ಕ್ಯಾಪ್ಟನ್ ಮೇಡಂ' ಎಂದು ಹುಡುಗರು ಎದ್ದು ನಿಲ್ಲುತ್ತಾರಂತೆ. ಕಾಲ್ಕಾಜಿಯ ಆ ಮನೆಯನ್ನು ಕೆಡವಿ ನಾಲ್ಕು ಮಹಡಿ ಕಟ್ಟಿದ್ದಾರೆ. ಅಪ್ಪ ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಆರಾಮವಾಗಿದ್ದಾರೆ. ವಿನು ದೂರವೇನೂ ಹೋಗಿಲ್ಲ, ಗುರುಗ್ರಾಮದಲ್ಲೇ ಇದ್ದಾನೆ, ಆದರೂ ತಿಂಗಳಿಗೊಮ್ಮೆ ಸಿಕ್ಕರೆ ಹೆಚ್ಚು. ನಾನು ಗ್ರೇಟರ್ ನೋಯ್ಡಾದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಇವೆಲ್ಲ ಆಗುವಂಥವೇ, ಇದಕ್ಕೆ ನಾನು ಅಷ್ಟು ಮರುಗುವುದಿಲ್ಲ. ನನ್ನನ್ನು ಚುಚ್ಚುವುದು ಬೇರೆ.

ಹೋದ ವರ್ಷ ನಾನು ಈಜು ಕಲಿಯಲು ಹೊರಟೆ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಕೊಳವಿದೆ. ಸಂಜೆ ಹೋದರೆ ಮಕ್ಕಳು ತುಂಬಿರುತ್ತಾರೆ ಎಂದು ಬೆಳಿಗ್ಗೆ ಬೇಗ ಎದ್ದು, ಯಾರೂ ಇಲ್ಲದಾಗ ಇಳಿಯುತ್ತಿದ್ದೆ. ನೀರು ಕುಡಿದು, ಕೆಮ್ಮಿ, ಕಟ್ಟೆ ಹಿಡಿದು ಏದುಸಿರು ಬಿಡುವಾಗ, ಸದ್ಯ ಯಾರೂ ನೋಡಲಿಲ್ಲವಲ್ಲ ಎಂದು ಸಮಾಧಾನ. ನನ್ನ ಮಗ ಚೆನ್ನಾಗಿ ಈಜುತ್ತಾನೆ. ಒಂದು ದಿನ ನಾನೂ ಬರುತ್ತೇನೆ ಅಮ್ಮ, ನೀನು ಹೇಗೆ ಮಾಡುತ್ತಿದ್ದೀಯ ನೋಡುತ್ತೇನೆ ಎಂದು ಎದ್ದು ಬಂದ. ನಾನು ಬೇಡ, ಮಲಗು ಎಂದು ಬಾಗಿಲು ಎಳೆದುಕೊಂಡು ಹೋದೆ. ಮತ್ತೆ ಅವನು ಕೇಳಲಿಲ್ಲ.

ಅತ್ತೆ ಆ ಒಂದು ಬೇಸಿಗೆಯಿಡೀ ದಿನವೂ ನಮ್ಮ ಕಣ್ಣೆದುರು ಸೋತಳು, ಸೋತು ನಮ್ಮನ್ನೇ ಕೇಳಿ ಕಲಿತಳು. ದೊಡ್ಡವರೂ ಹೀಗೆ ತಡವರಿಸಿ ಕಲಿಯುತ್ತಾರೆ ಎಂದು ನಾನು ಹತ್ತನೇ ವಯಸ್ಸಿಗೇ ಕಂಡಿದ್ದೆ, ಅದೇ ನನ್ನನ್ನು ಎಷ್ಟೋ ಕಡೆ ಕಾಪಾಡಿದೆ. ನನ್ನ ಮಗ ನನಗೆ ಬರುವುದನ್ನೆಲ್ಲ ನೋಡಿದ್ದಾನೆ. ಬಾರದ್ದನ್ನು ನಾನು ಕಲಿಯುವುದನ್ನು ಅವನು ಇಲ್ಲಿಯವರೆಗೆ ಒಂದು ಸಲವೂ ನೋಡಿಲ್ಲ.